ಆಲ್ಕೊಹಾಲಿಕ್ಸ್ ಅನಾನಿಮಸ್: ಫೀಸಿಲ್ಲದ ಈ ಸೇವೆಯನ್ನು ಎಷ್ಟು ನಂಬಬಹುದು?

ಕುಡಿತ ಬಿಡಿಸುತ್ತೇವೆ ಎನ್ನುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಪುಡಿ ಕೊಡುವವರಿದ್ದಾರೆ, ಆಣೆ ಮಾಡಿಸುವವರಿದ್ದಾರೆ, ತಿಂಗಳ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ಕೂಡಿಹಾಕುವ ರಿಹ್ಯಾಬ್‌ಗಳೂ ಇವೆ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಕರೆಯುವ ‘ಎಎ’, ಇವುಗಳ ಸಾಲಿಗೆ ಸೇರುವುದಿಲ್ಲ. ಮದ್ಯವ್ಯಸನಿಗಳೇ ಮೀಟಿಂಗ್ ಸೇರಿ, ಒಬ್ಬರಿಗೊಬ್ಬರು ನೆರವಾಗಿ ಕುಡಿತದಿಂದ ದೂರ ಉಳಿಯುವ ಸಂಘವಿದು. ಅಲ್ಲಿ ಡಾಕ್ಟರಿಲ್ಲ, ಗುರುವಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸದಸ್ಯತ್ವ ಸಿಕ್ಕಂತೆಯೇ. ಭಾರತಕ್ಕೆ ಇದು ಬಂದದ್ದು 1957ರಲ್ಲಿ. ಬೆಂಗಳೂರಿನಲ್ಲಿ ಇಂಗ್ಲಿಷ್, ತಮಿಳು ಗುಂಪುಗಳ ಜೊತೆಗೆ ಕನ್ನಡದ ಗುಂಪುಗಳೂ ನಡೆಯುತ್ತವೆ.

ಹೊಗಳುವ ಮೊದಲು ಒಂದು ಎಚ್ಚರಿಕೆ. ದಿನವೂ ಜಾಸ್ತಿ ಕುಡಿಯುವವರು ಮೀಟಿಂಗಿನ ಹುರುಪಿನಲ್ಲಿ ಅಂದೇ ಒಮ್ಮೆಲೇ ನಿಲ್ಲಿಸಿಬಿಡಬಾರದು. ಕೊನೆಯ ಪೆಗ್ಗಿನ ನಂತರ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸಿ, ಕೇಳಿಸಿ, ಜೀವಕ್ಕೇ ಅಪಾಯವಾಗುತ್ತದೆ. ಇದನ್ನು ಪ್ರಾರ್ಥನೆ ತಡೆಯುವುದಿಲ್ಲ. ಡಾಕ್ಟರ ನಿಗಾದಲ್ಲಿ ಕೊಡುವ ಮಾತ್ರೆ ತಡೆಯುತ್ತದೆ; ಜೊತೆಗೆ ಮಿದುಳಿಗೆ ಹಾನಿಯಾಗದಂತೆ ಥಯಾಮಿನ್, ಅಂದರೆ ವಿಟಮಿನ್ ಬಿ1, ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಸ್ಪತ್ರೆ, ಆಮೇಲೆ ಮೀಟಿಂಗ್. ಅಂದಹಾಗೆ, ಮನೆಯವರು ಡೈಸಲ್ಫಿರಾಮ್ ಮಾತ್ರೆಯನ್ನು (ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಔಷಧಿ) ಗುಟ್ಟಾಗಿ ಸಾರಿಗೆ ಬೆರೆಸುವುದು ದೊಡ್ಡ ತಪ್ಪು. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು.

ಮೀಟಿಂಗ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆಯದು, ಬಹಳಷ್ಟು ಕಡೆ ಚರ್ಚಿನ ಅಥವಾ ಶಾಲೆಯ ಕೋಣೆಯಲ್ಲಿ. ಸಂಘದ ಉದ್ದೇಶ ಓದಿದ ಮೇಲೆ ಒಬ್ಬೊಬ್ಬರಾಗಿ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿಕೊಂಡು ಮಾತಾಡುತ್ತಾರೆ. ಇದಕ್ಕೆ ‘ಶೇರಿಂಗ್’ ಎನ್ನುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ನಮ್ಮಂಥ ಸಲಹೆಪ್ರಿಯರ ನಾಡಿನಲ್ಲಿ ಈ ಒಂದು ನಿಯಮಕ್ಕೇ ಅರ್ಧ ಅಂಕ ಕೊಡಬಹುದು. ಮಾತಾಡಲು ಇಷ್ಟವಿಲ್ಲದವರು ಕೈಮುಗಿದು ಕೂತರೆ ಯಾರೂ ಒತ್ತಾಯಿಸುವುದಿಲ್ಲ. ಕೊನೆಯಲ್ಲಿ ಕಾಣಿಕೆ ಚೀಲ ಬರುತ್ತದೆ. ಹೊಸಬರು ಹಾಕಬೇಕಿಲ್ಲ, ಹೊರಗಿನವರ ದೇಣಿಗೆಯನ್ನು ಸಂಘ ಮುಟ್ಟುವುದೇ ಇಲ್ಲ. ‘ಓಪನ್’ ಮೀಟಿಂಗಿಗೆ ಮನೆಯವರೂ ಹೋಗಬಹುದು, ‘ಕ್ಲೋಸ್ಡ್’ ಆದರೆ ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ. ಮೊದಲೇ ಕೇಳಿಕೊಂಡು ಹೋಗಿ.

ಬಹುಪಾಲು ಜನ ಹಿಂಜರಿಯುವುದು ದೇವರ ವಿಷಯಕ್ಕೆ. ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ಎರಡನೆಯದೇ ತನಗಿಂತ ದೊಡ್ಡ ಶಕ್ತಿಯೊಂದನ್ನು ನಂಬುವುದು, ಮೂರನೆಯದು ತನ್ನ ಇಚ್ಛೆಯನ್ನೂ ಬದುಕನ್ನೂ ದೇವರಿಗೆ ಒಪ್ಪಿಸುವುದು. ಆದರೆ ‘ನಾವು ಅರಿತಂತೆ’ ಎಂಬ ಮಾತು ಅಲ್ಲಿ ಸೇರಿಕೊಂಡಿದೆ. 1939ರಲ್ಲಿ ಹೆಜ್ಜೆಗಳು ಅಚ್ಚಾಗುವ ಮೊದಲು ನಾಸ್ತಿಕ ಸದಸ್ಯರು ಹಟ ಹಿಡಿದು ಸೇರಿಸಿದ್ದು ಅದು. ಹಾಗಾಗಿ ಒಬ್ಬರಿಗೆ ಮಂಜುನಾಥ, ಇನ್ನೊಬ್ಬರಿಗೆ ಯೇಸು, ಮತ್ತೊಬ್ಬರಿಗೆ ಆ ಗುಂಪೇ ದೊಡ್ಡ ಶಕ್ತಿ. ನಂಬಿಕೆ ಮಾಡುವ ಕೆಲಸವೂ ಸರಳವೇ: ‘ನಾನೊಬ್ಬನೇ ಬಿಟ್ಟುಬಿಡ್ತೀನಿ’ ಎಂದು ಬಿಟ್ಟು, ಮತ್ತೆ ಹಿಡಿದು, ಕೊನೆಗೆ ತನ್ನ ಮಾತನ್ನೇ ನಂಬದಂತಾದವನಿಗೆ ನೆಚ್ಚಿಕೊಳ್ಳಲು ತನ್ನ ಹೊರಗೆ ಏನೋ ಒಂದು ಸಿಗುತ್ತದೆ. ಆಣೆ ಇಡೀ ಜನ್ಮಕ್ಕೆ ಕಟ್ಟಿಹಾಕುತ್ತದೆ, ಒಮ್ಮೆ ಮುರಿದರೆ ನಾಚಿಕೆ, ಆ ನಾಚಿಕೆಗೆ ಮತ್ತೆ ಬಾಟ್ಲಿ. ಎಎ ಕೇಳುವುದು ಇವತ್ತೊಂದು ದಿನವನ್ನು ಮಾತ್ರ.

ಆದರೂ ಈ ಸೇವೆಯ ನಿಜವಾದ ಬಲ ಇರುವುದು ಹನ್ನೆರಡನೇ ಹೆಜ್ಜೆಯಲ್ಲಿ, ಅಂದರೆ ಇನ್ನೊಬ್ಬ ಕುಡುಕನಿಗೆ ಧೈರ್ಯ ತುಂಬುವುದರಲ್ಲಿ. ಸಂಘ ಹುಟ್ಟಿದ್ದೇ ಹಾಗೆ. ನ್ಯೂಯಾರ್ಕಿನ ಷೇರುಪೇಟೆಯ ಬಿಲ್ ವಿಲ್ಸನ್ 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟು, ಕಂಡ ಕುಡುಕರಿಗೆಲ್ಲ ತನ್ನ ದೈವಾನುಭವ ಬೋಧಿಸಿದ. ಒಬ್ಬರೂ ಬಿಡಲಿಲ್ಲ. ಬಿಲ್‌ಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರ್ ಸಿಲ್ಕ್‌ವರ್ತ್ ಕಾರಣ ತೋರಿಸಿಕೊಟ್ಟರು: ಉಪದೇಶ ನಿಲ್ಲಿಸು, ಮೊದಲು ಕಾಯಿಲೆಯ ಕಥೆ ಹೇಳು. 1935ರ ಮೇ ತಿಂಗಳಲ್ಲಿ ಓಹಾಯೋದ ಆಕ್ರನ್‌ನಲ್ಲಿ ವ್ಯವಹಾರ ಮುರಿದುಬಿದ್ದು, ಹೋಟೆಲಿನ ಬಾರ್ ಕೈಬೀಸಿ ಕರೆಯುತ್ತಿದ್ದಾಗ ಬಿಲ್ ಚರ್ಚುಗಳ ಪಟ್ಟಿ ನೋಡಿ ಫೋನ್ ತಿರುಗಿಸಿದ. ಕೇಳಿದ್ದು ತನಗೆ ಸಹಾಯವನ್ನಲ್ಲ, ಮಾತಾಡಲು ಇನ್ನೊಬ್ಬ ಕುಡುಕನನ್ನು. ಸಿಕ್ಕವರು ಸರ್ಜನ್ ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಎಂದು ಬಂದವರು ಗಂಟೆಗಟ್ಟಲೆ ಕೂತರು. ನಡುವೆ ಒಮ್ಮೆ ಜಾರಿದರೂ, ಬಾಬ್ ಕೊನೆಯದಾಗಿ ಕುಡಿದ ದಿನವೆಂದು ಸಂಘ ಗುರುತಿಸುವ ಜೂನ್ 10 ಇಂದಿಗೂ ಅದರ ಹುಟ್ಟುಹಬ್ಬ.

ಈ ಹನ್ನೆರಡನೇ ಹೆಜ್ಜೆ ಕೈಗೊಳ್ಳುವವರು ಸಾಮಾನ್ಯವಾಗಿ ಒಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತಾರೆ. ಹೆಂಗಸರ ಬಳಿ ಹೆಂಗಸರು. ಎದುರಿನವರು ಅಮಲಿನಲ್ಲಿದ್ದರೆ ಉದ್ದದ ಮಾತಿಲ್ಲ, ಇಳಿದ ಮೇಲೆ ಮತ್ತೆ ಬರುತ್ತಾರೆ. ‘ನೀವು ಬಿಡಿ’ ಎನ್ನದೆ ‘ನನಗೆ ಹೀಗಾಗಿತ್ತು’ ಎನ್ನುತ್ತಾರೆ. ಸಾಲ ಕೊಡುವುದಾಗಲಿ, ಮನೆ ಜಗಳದ ಪಂಚಾಯ್ತಿಗೆ ಕೂರುವುದಾಗಲಿ ಅವರ ಕೆಲಸವಲ್ಲ. ಫೋನ್ ನಂಬರ್ ಕೊಟ್ಟು, ಮುಂದಿನ ಮೀಟಿಂಗಿಗೆ ಜೊತೆಯಲ್ಲಿ ಕರೆದೊಯ್ಯುತ್ತಾರೆ. ಕೇಳಿದವನು ಬಿಡದಿದ್ದರೂ ಹೇಳಿದವನಿಗೆ ಆ ದಿನ ಕುಡಿಯದೆ ಕಳೆಯುತ್ತದೆ. ಬಿಲ್‌ಗೆ ಮೊದಲ ಆರು ತಿಂಗಳು ಆದದ್ದೂ ಅಷ್ಟೇ.

ಲೋಪಗಳೂ ಇವೆ. ಗುಂಪಿನಿಂದ ಗುಂಪಿಗೆ ಗುಣಮಟ್ಟ ಅಜಗಜಾಂತರ. ಕೆಲವು ಕಡೆ ಹಳಬರು ಹಳೆಯ ಕುಡಿತದ ಪರಾಕ್ರಮವನ್ನೇ ಹೇಳಿಕೊಂಡು ಹೊತ್ತು ಕಳೆಯುತ್ತಾರೆ. ಒಂದೇ ಮೀಟಿಂಗ್ ನೋಡಿ ತೀರ್ಮಾನಿಸಬೇಡಿ, ಬೇರೆ ಬೇರೆ ಕಡೆಯ ನಾಲ್ಕೈದಕ್ಕಾದರೂ ಹೋಗಿ. ಸ್ಪಾನ್ಸರ್ ಆಗಿ, ಅಂದರೆ ಹೊಸಬರಿಗೆ ಹೆಜ್ಜೆಗಳಲ್ಲಿ ದಾರಿ ತೋರುವ ಹಳೆಯ ಸದಸ್ಯರಾಗಿ, ಆರಿಸುವವರು ಕನಿಷ್ಠ ಒಂದು ವರ್ಷದಿಂದ ಕುಡಿಯದವರೂ, ನಿಮ್ಮದೇ ಲಿಂಗದವರೂ ಆಗಿರಲಿ. ಖಿನ್ನತೆಯ ಮಾತ್ರೆ ನಿಲ್ಲಿಸೆಂದು ಸ್ಪಾನ್ಸರ್ ಹೇಳಿದರೆ ಕೇಳಬೇಡಿ, ಔಷಧಿ ಡಾಕ್ಟರಿಗೆ ಬಿಟ್ಟದ್ದೆಂದು ಸಂಘದ ನಿಲುವೇ ಇದೆ. ಹೆಂಗಸರ ಸಂಖ್ಯೆ ಕಡಿಮೆ, ಹೊಸದಾಗಿ ಬಂದವರಿಗೆ ಅದೇ ಮುಜುಗರ. ಹಳ್ಳಿಯಿಂದ ಹೋಗಿಬರುವವರಿಗೆ ಸಂಜೆ ಮೀಟಿಂಗ್ ಎಂದರೆ ಕೊನೆಯ ಬಸ್ಸಿನ ಚಿಂತೆ. ಹಾಗಿದ್ದರೆ ಆನ್‌ಲೈನ್ ಮೀಟಿಂಗ್ ನೋಡಬಹುದು. ಎದುರಾಎದುರು ಕೂರುವುದಕ್ಕೆ ಅದು ಸಮವಲ್ಲ, ಇಲ್ಲದ್ದಕ್ಕಿಂತ ವಾಸಿ.

‘ಸ್ಲಿಪ್’ ಆದರೆ, ಅಂದರೆ ಮತ್ತೆ ಕುಡಿದರೆ, ಮುಖ ತೋರಿಸಲಾಗದೆ ತಪ್ಪಿಸಿಕೊಳ್ಳುವವರೇ ಹೆಚ್ಚು. ಮರುದಿನವೇ ಹೋಗಿ ಹೇಳಿಕೊಂಡರೆ ಯಾರೂ ಹೊರಗೆ ಹಾಕುವುದಿಲ್ಲ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಿತ್ತು ಎಂದು ಹಳಬರು ಕೇಳುತ್ತಾರೆ. ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ.

ಫಲಿತಾಂಶದ ಲೆಕ್ಕ ಬೇಕೆನ್ನುವವರಿಗೆ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳ 10,565 ಜನರ ಮಾಹಿತಿ ಪರಿಶೀಲಿಸಿತು. ಎಎಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆಯು, ಪೂರ್ತಿ ಕುಡಿಯದೆ ಉಳಿಯುವವರ ಸಂಖ್ಯೆಯಲ್ಲಿ, ಮನೋಚಿಕಿತ್ಸೆಯಂಥ ಇತರ ಕ್ರಮಗಳಿಗಿಂತ ಮೇಲಿತ್ತು. ಆದರೆ ಆ ಅಧ್ಯಯನಗಳು ಹೆಚ್ಚಾಗಿ ಹೊರದೇಶದವು. ದೇವರ ಮಾತೇ ಬೇಡ ಎನ್ನುವವರು ಆಸ್ಪತ್ರೆಯ ಆಪ್ತಸಲಹೆಗೇ ಹೋಗಬಹುದು. ಕುಡಿಯುವವರ ಮನೆಯವರಿಗೆ 1951ರಲ್ಲಿ ಬಿಲ್ ಹೆಂಡತಿ ಲೋಯಿಸ್ ಮತ್ತು ಗೆಳತಿ ಕಟ್ಟಿದ ‘ಅಲ್-ಅನಾನ್’ ಇದೆ, ಅದಕ್ಕೂ ಫೀಸಿಲ್ಲ. ಗಂಡನೋ ಮಗನೋ ಬರಲೊಲ್ಲೆ ಎಂದರೂ ಹೆಂಡತಿ, ತಾಯಿ ಅಲ್ಲಿಗೆ ಹೋಗಬಹುದು.