ಬಡಿದ ಕೈಗೂ ಲೆಕ್ಕವಿರುವ ರೊಟ್ಟಿ ಕೇಂದ್ರ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದಿಂದ ನಡೆದೇ ಹೋಗಬಹುದಾದ ಒಂದು ಓಣಿಯಲ್ಲಿ ಮಹಿಳಾ ಸ್ವಸಹಾಯ ಸಂಘದ ಒಂಬತ್ತು ಮಂದಿ ಸೇರಿ ರೊಟ್ಟಿ ಕೇಂದ್ರವೊಂದನ್ನು ನಡೆಸುತ್ತಿದ್ದಾರೆ. ಮಣಿಕಟ್ಟಿನ ನೋವಿನಿಂದಾಗಿ ರೊಟ್ಟಿ ಬಡಿಯುವುದು ನನ್ನಿಂದ ಆಗದೆ ಹೋದ ಮೇಲೆ, ಅಂದರೆ ಎರಡು ವರ್ಷಗಳಿಂದ, ನಮ್ಮ ಮನೆಗೆ ರೊಟ್ಟಿ ಬರುವುದು ಅಲ್ಲಿಂದಲೇ. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈ ಸಲ ಮಾರ್ಚ್ 8ರ ಮಹಿಳಾ ದಿನಾಚರಣೆಯಲ್ಲಿ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಆ ಸಭೆಯಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದವರೊಬ್ಬರು ಮರುದಿನವೇ ಕೇಂದ್ರಕ್ಕೆ ಬಂದು ಹತ್ತು ರೂಪಾಯಿಯ ರೊಟ್ಟಿಯನ್ನು ಏಳಕ್ಕೆ ಕೊಡಿರೆಂದು ಹಟ ಹಿಡಿದಿದ್ದನ್ನು ಕಂಡಾಗ ಇನ್ನು ಬರೆಯದೆ ಇರಬಾರದು ಎನಿಸಿತು.

ಮೊದಲು ರೊಟ್ಟಿಯ ಮಾತು. ಇಲ್ಲಿ ಬಳಸುವುದು ಮಾಲದಂಡಿ ಬಿಳಿಜೋಳ. ಎರಡು ದಿನಕ್ಕೊಮ್ಮೆ ಗಿರಣಿಯಲ್ಲಿ ಬೀಸಿಸಿ ತರುತ್ತಾರೆ, ಏಕೆಂದರೆ ಹಿಟ್ಟು ಹಳೆಯದಾದಷ್ಟೂ ಜಿಗಿ ಕಳೆದುಕೊಂಡು ಬಡಿಯುವಾಗಲೇ ಅಂಚು ಬಿರಿಯುತ್ತದೆ. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟು ಬೆಂದು ಬರುವ ಹಿಡಿತ, ಅದರ ಮೇಲೆ ನಾದುವ ಕೈಯ ಬಲ, ಇವೆರಡೇ ರೊಟ್ಟಿಯನ್ನು ನಿಲ್ಲಿಸುವುದು. ಕೇಂದ್ರದ ಹಿರಿಯರೊಬ್ಬರು ಕೊಣಮಿಗೆಯ ಮುಂದೆ ಕುಳಿತು ಬಡಿಯುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಬಲಗೈ ಬಡಿಯುತ್ತಿದ್ದಂತೆ ಎಡಗೈಯ ಬೆರಳುಗಳು ಅಂಚನ್ನು ಸವರುತ್ತ ಸುತ್ತಿಸುತ್ತಿರುತ್ತವೆ; ಅಂಗೈಯಗಲದ ಹಿಟ್ಟು ನೋಡನೋಡುತ್ತಿದ್ದಂತೆ ಹಂಚಿನಗಲವಾಗುತ್ತದೆ, ಎಲ್ಲಿಯೂ ದಪ್ಪ–ತೆಳುವಿನ ಭೇದವಿಲ್ಲ. ಹಂಚಿಗೆ ಬಿದ್ದ ರೊಟ್ಟಿಯ ಮೈಗೆ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ತಿರುವಿ ಹಾಕಿದರೆ ಅದು ತುಂಬಿ ಉಬ್ಬುತ್ತದೆ. ಬೆಳಿಗ್ಗೆ ತಂದ ಮೆತ್ತನೆಯ ರೊಟ್ಟಿಯನ್ನು ನಾನು ರಾತ್ರಿ ನಾಲ್ಕು ಮಡಿಕೆ ಮಾಡಿ ನೋಡಿದ್ದೇನೆ, ಸೀಳಿಲ್ಲ. ಪುಂಡಿಪಲ್ಯವಿರಲಿ, ಎಣಗಾಯಿ ಇರಲಿ, ಇದಕ್ಕಿಂತ ಒಳ್ಳೆಯ ಜೊತೆ ಪೇಟೆಯಲ್ಲಿ ನನಗೆ ಸಿಕ್ಕಿಲ್ಲ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಚೆನ್ನಾಗಿದೆ. ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ಕುಟ್ಟಿಯೇ ಮಾಡುವುದರಿಂದ ಬೆಳ್ಳುಳ್ಳಿಯ ಘಮ ಕೊನೆಯ ಚಮಚದವರೆಗೂ ಉಳಿಯುತ್ತದೆ. ಗುರೆಳ್ಳು ಹಿಂಡಿಗೆ ಮಾತ್ರ ಉಪ್ಪು ಹೆಚ್ಚು. ಖಡಕ್ ರೊಟ್ಟಿಯ ರುಚಿಗೆ ಹೆಸರಿಡುವಂತಿಲ್ಲ, ಆದರೆ ಅದನ್ನು ಕಟ್ಟಿಕೊಡುವ ರೀತಿ ಸುಧಾರಿಸಲೇಬೇಕು. ನಮ್ಮ ಸಂಬಂಧಿಕರ ನಿಶ್ಚಿತಾರ್ಥಕ್ಕೆಂದು ಒಯ್ದ ನೂರು ರೊಟ್ಟಿಯಲ್ಲಿ ಸುಮಾರು ಮೂವತ್ತು ದಾರಿಯಲ್ಲೇ ಪುಡಿಯಾಗಿದ್ದವು. ಹೇಳಿದಾಗ ಒಂದು ಮಾತೂ ಎದುರಾಡದೆ ಮರುದಿನವೇ ಅಷ್ಟನ್ನೂ ಬದಲಿಸಿ ಕೊಟ್ಟರು, ನಿಜ. ಆದರೆ ಸಮಾರಂಭ ಮುಗಿದುಹೋಗಿತ್ತು.

ಇನ್ನು ಬೆಲೆ. ಹತ್ತು ರೂಪಾಯಿ ಹೆಚ್ಚಾಯಿತು ಎನ್ನುವವರು ಹೋಟೆಲಿನಲ್ಲಿ ಅದಕ್ಕಿಂತ ಹೆಚ್ಚು ಕೊಟ್ಟು ಸುಮ್ಮನೆ ತಿಂದು ಬರುತ್ತಾರೆ. ಹೆಂಗಸರು ಮಾಡುವ ಅಡುಗೆ ಮನೆಯಲ್ಲಿ ಪುಕ್ಕಟೆ ಸಿಗುವುದರಿಂದ ಹೊರಗೂ ಅದು ಅಗ್ಗವಾಗಿಯೇ ಇರಬೇಕೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಕೂತಿದೆ. ಕೇಂದ್ರ ಸರ್ಕಾರವೇ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಹಾಗೆ ತೊಡಗುವ ಗಂಡಸರು ಕೊಡುವುದು 88 ನಿಮಿಷ. ಈ ಅಂಕಿಯನ್ನು ಆ ಹಿರಿಯರಿಗೆ ಹೇಳಿದಾಗ ಅವರು ಬಡಿಯುವುದನ್ನು ನಿಲ್ಲಿಸದೆಯೇ, “ಮನ್ಯಾಗ ನಲವತ್ತು ವರ್ಷ ಬಡದೀನ್ರಿ ಅಕ್ಕೋರೆ, ಯಾರು ಲೆಕ್ಕ ಇಟ್ಟಾರ? ಇಲ್ಲಿ ದಿನಾ ಬರೀತಾರ” ಎಂದರು. ನಿಜಕ್ಕೂ ಅಲ್ಲೊಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಯಾರು ಎಷ್ಟು ಬಡಿದರು, ಯಾರು ಹಂಚಿನ ಮುಂದೆ ಕುಳಿತರು, ಯಾರು ಗಿರಣಿಗೆ ಹೋದರು ಎಂಬುದು ಅದರಲ್ಲಿ ದಿನವೂ ದಾಖಲಾಗುತ್ತದೆ. ಹಣ ಅವರವರ ಖಾತೆಗೇ ಹೋಗುತ್ತದೆ. ಈ ಕೇಂದ್ರದ ಸಾಧನೆ ಏನೆಂದು ಯಾರಾದರೂ ಕೇಳಿದರೆ ಶಾಲಿಗಿಂತ ಮೊದಲು ನಾನು ಆ ಪುಸ್ತಕವನ್ನು ತೋರಿಸುತ್ತೇನೆ.

ಆದರೂ ದಾರಿ ಸಲೀಸಾಗಿಲ್ಲ. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ. ಸಂಘ ಕಟ್ಟಿ ಉಳಿತಾಯ ಮಾಡುವುದನ್ನು ನಮ್ಮ ಭಾಗದ ಹೆಣ್ಣುಮಕ್ಕಳು ಅಂದಿನಿಂದ ಬಿಡದೆ ನಡೆಸಿಕೊಂಡು ಬಂದಿದ್ದಾರೆ. ಕಲಬುರಗಿ ರೊಟ್ಟಿ ಬ್ರ್ಯಾಂಡ್ ಆಗಿ, 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಅದರ ಹೆಸರು ಕೇಳಿದಾಗ ಈ ಓಣಿಯಲ್ಲೂ ಪೇಡೆ ಹಂಚಿದರು. ಆದರೆ ದೊಡ್ಡ ಜಾಗ ಹಿಡಿಯಲು ಹೆಚ್ಚಿನ ಸಾಲ ಕೇಳಹೋದಾಗ ಅವರಿಗೆ ಎದುರಾದದ್ದು, ಯಾರ ಹೆಸರಿನಲ್ಲಿ ಆಸ್ತಿ ಇದೆ ಎಂಬ ಪ್ರಶ್ನೆ. ಒಂಬತ್ತು ಮಂದಿಯಲ್ಲಿ ಒಬ್ಬರ ಹೆಸರಿನಲ್ಲೂ ಪಹಣಿ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಇವರಲ್ಲಿ ನಾಲ್ವರು ತವರಿನ ಬಾಗಿಲು ತಮಗೆ ಮುಚ್ಚಿಹೋಗಬಾರದೆಂಬ ಒಂದೇ ಕಾರಣಕ್ಕೆ ಅಣ್ಣತಮ್ಮಂದಿರ ಪರವಾಗಿ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದವರು. ಕಾನೂನು ಪುಸ್ತಕದಲ್ಲಿದ್ದ ಸಮಾನತೆ ಸಾಲದ ಅರ್ಜಿ ತುಂಬುವ ಹೊತ್ತಿಗೆ ಅವರ ಕೈಯಲ್ಲಿರಲಿಲ್ಲ. ಹೀಗಾಗಿ ಇಂದಿಗೂ ಇರುವುದು ಎರಡೇ ಒಲೆ, ಹೊಗೆ ಹೋಗಲು ಒಂದೇ ಕಿಟಕಿ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿನೊಂದಿಗೆ ಒಲೆಯ ಝಳವೂ ಸೇರಿದಾಗ ಒಳಗೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಗಿರಾಕಿಗಳಾದ ನಾವು ಕಾಯಬೇಕಾಗಿ ಬರುವುದೂ ಇದರಿಂದಲೇ.

ಹೋಗುವವರು ಬೆಳಿಗ್ಗೆ ಒಂಬತ್ತರ ಒಳಗೆ ಹೋಗುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಮೆತ್ತನೆಯ ರೊಟ್ಟಿ ಮುಗಿದಿರುತ್ತದೆ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ, ಏಕೆಂದರೆ ಅವರೆಲ್ಲರೂ ಮನೆಗೆ ಹೋಗಿ ಮತ್ತೆ ಒಲೆ ಹೊತ್ತಿಸಬೇಕು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯುವವರು ಸಜ್ಜೆ ರೊಟ್ಟಿಗೆ ಒಂದು ವಾರ ಮೊದಲೇ ಹೇಳಿಡಬೇಕು. ಖಡಕ್ ರೊಟ್ಟಿ ಬೇಕಾದವರು ಗಟ್ಟಿಯಾದ ಡಬ್ಬಿಯನ್ನು ತಾವೇ ಒಯ್ಯಲಿ. ಜೋಳದ ವ್ಯಾಪಾರಿಗೆ ಅವರು ನಗದು ಎಣಿಸಿ ಕೊಟ್ಟೇ ಚೀಲ ಇಳಿಸಿಕೊಳ್ಳುತ್ತಾರಾದ್ದರಿಂದ ಉದ್ರಿ ಕೇಳಬೇಡಿ, ಹತ್ತು ರೂಪಾಯಿಯನ್ನು ಪೂರ್ತಿ ಕೊಡಿ.