ದೂರದಿಂದ ರೋಬೋ ಓಡಿಸೋಕೆ ಯಾವ ಕಂಟ್ರೋಲರ್: ನಡುಗೋದಾ, ತಳ್ಳೋದಾ?

ನಾಲ್ಕು ಚಕ್ರದ ಪುಟ್ಟ ರೋಬೋವನ್ನು ಕ್ಯಾಮೆರಾ ನೋಡಿಕೊಂಡು ಚಿತ್ರದುರ್ಗದ ಬಂಡೆಗಳ ನಡುವೆ ಓಡಿಸಿದರೆ ಬೇಗ ಗೊತ್ತಾಗುತ್ತದೆ, ಕಣ್ಣೊಂದೇ ಸಾಲದು. ಚಕ್ರ ಕಲ್ಲಿಗೆ ಸಿಕ್ಕಿ ಸುಮ್ನೆ ತಿರುಗುತ್ತಿರುತ್ತದೆ, ಪರದೆಯಲ್ಲಿ ಚಿತ್ರ ಮಾತ್ರ ಹಾಗೇ ನಿಂತಿರುತ್ತದೆ. ಕೈಗೂ ಸುದ್ದಿ ಮುಟ್ಟಬೇಕು.

ಅಗ್ಗದ ದಾರಿ ಕಂಪನ. ಗೇಮ್‌ಪ್ಯಾಡ್ ಒಳಗಿನ ಸಣ್ಣ ಮೋಟಾರ್ ನಡುಗುತ್ತದೆ, ಜೇಬಿನಲ್ಲಿ ಮೊಬೈಲ್ ಗುರ್ ಅನ್ನುತ್ತದಲ್ಲ, ಹಾಗೆ. ನಮ್ಮ ಚರ್ಮ 250 ಹರ್ಟ್ಸ್ ಆಸುಪಾಸಿನ, ಅಂದರೆ ಸೆಕೆಂಡಿಗೆ ಸುಮಾರು 250 ಸಲದ ನಡುಕವನ್ನು ಚೆನ್ನಾಗಿ ಹಿಡಿಯುತ್ತದೆ. ಎಚ್ಚರಿಸೋಕೆ ಸಾಕು, ಆದರೆ ಅಡ್ಡಿ ಯಾವ ಕಡೆ ಇದೆ ಅಂತ ಒಂದೇ ಮೋಟಾರ್ ಹೇಳುವುದಿಲ್ಲ.

ಫೋರ್ಸ್ ಫೀಡ್‌ಬ್ಯಾಕ್ ಜಾಯ್‌ಸ್ಟಿಕ್ ಬೇರೆ ಥರ. ಬಂಡೆ ಹತ್ತಿರ ಬಂದಷ್ಟೂ ಹಿಡಿ ಬಿಗಿಯಾಗಿ ಕೈಯನ್ನು ಹಿಂದಕ್ಕೆ ತಳ್ಳುತ್ತದೆ, ಯೋಚಿಸುವ ಮೊದಲೇ ಕೈ ನಿಧಾನಿಸುತ್ತದೆ. ನನಗೆ ತುಂಬಾ ಇಷ್ಟವಾಗುವುದು ಇದೇ. ತೊಂದರೆ ಏನೆಂದರೆ, ಗಟ್ಟಿ ವಸ್ತು ತಾಗಿದಂತೆ ಅನಿಸಬೇಕಾದರೆ ಬಲವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1000 ಸಲ ಲೆಕ್ಕ ಹಾಕಬೇಕು, ಮತ್ತೆ ಸಿಗ್ನಲ್ ತಡವಾದರೆ ಹಳೆಯ ಬಲ ಈಗ ಬಂದು ತಳ್ಳುತ್ತದೆ, ಕೈ ತಿರುಗಿ ಒತ್ತುತ್ತದೆ, ಹಿಡಿ ಹಿಂದೆ ಮುಂದೆ ಒದ್ದಾಡೋಕೆ ಶುರುವಾಗುತ್ತದೆ. ಕಂಪನಕ್ಕೆ ಈ ಕಾಟವಿಲ್ಲ, ಅದು ಕೈಯನ್ನು ತಳ್ಳುವುದೇ ಇಲ್ಲ ಅಲ್ವಾ.

ದಾವಣಗೆರೆಯಲ್ಲಿ ಕೂತು ಮೊಬೈಲ್ ಡೇಟಾದಲ್ಲಿ ದುರ್ಗದ ರೋಬೋ ಓಡಿಸುವವರು ಕಂಪನವನ್ನೇ ತಗೊಳ್ಳಿ, ಎಡಕ್ಕೊಂದು ಬಲಕ್ಕೊಂದು ಮೋಟಾರ್ ಇಟ್ಟರೆ ದಿಕ್ಕೂ ತಿಳಿಯುತ್ತದೆ. ರೋಬೋ ಕಣ್ಣಳತೆಯಲ್ಲೇ ಇದ್ದು, ಅದಕ್ಕೆ ವಸ್ತು ಹಿಡಿಯುವ ತೋಳೂ ಇದ್ದರೆ, ದುಡ್ಡು ಜಾಸ್ತಿಯಾದರೂ ತಳ್ಳುವ ಜಾಯ್‌ಸ್ಟಿಕ್ಕೇ ಸರಿ.