ಅಡಿಕೆ ತೋಟಕ್ಕೆ ವಿಮೆಯೋ, ಸೊಸೈಟಿ ಠೇವಣಿಯೋ?

ಶಿರಸಿ ಕಡೆ ಎರಡೆಕರೆ ತೋಟ. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುವುದೋ, ಅದೇ ದುಡ್ಡನ್ನು ಸೊಸೈಟಿಯಲ್ಲಿ ಇಡುವುದೋ ಅಂತ ಕೇಳಿದ್ದೀರಿ.

ಮೊದಲು ಖರ್ಚು. ವಿಮೆಯ ಕಂತಿನಲ್ಲಿ ರೈತರು ಕಟ್ಟುವ ಪಾಲು ಹೆಚ್ಚೆಂದರೆ ವಿಮಾ ಮೊತ್ತದ ಶೇ. 5. ಅಂದರೆ 1 ಲಕ್ಷಕ್ಕೆ 5,000 ರೂಪಾಯಿ. ಮಳೆ ಹದವಾಗಿ ಬಂದರೆ ಆ ದುಡ್ಡು ಹೋದಂತೆ. ಠೇವಣಿ ಬಡ್ಡಿ ಸಮೇತ ನಿಮ್ಮದೇ, ಆದರೆ ಕೊಳೆ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಜೋರಾದ ವರ್ಷ, ಅದಕ್ಕೆ ಬೋರ್ಡೋ ಔಷಧಿ ಹೊಡೆಸುವ ಕೂಲಿಗೇ ಮುಗಿದೀತು.

ತಕರಾರು ಜಾಸ್ತಿ ಇರುವುದು ನಂಬಿಕೆಯಲ್ಲಿ. ವಿಮೆಯವರು ತೋಟಕ್ಕೆ ಬಂದು ಉದುರಿದ ಕಾಯಿ ನೋಡುವುದಿಲ್ಲ, ಮಳೆಮಾಪಕ ಹೇಳಿದ್ದೇ ಲೆಕ್ಕ. ಘಟ್ಟದ ಮಳೆ ಗೊತ್ತಲ್ವಾ, ಗುಡ್ಡದ ಈಚೆ ಸುರಿದದ್ದು ಆಚೆ ಇರುವುದಿಲ್ಲ. ಕೊಳೆ ಬಂದವರಿಗೆ ಪರಿಹಾರ ಸಿಗದೆ, ಏನೂ ಆಗದ ಪಕ್ಕದ ಊರಿನವರಿಗೆ ಸಿಗುವುದೂ ಉಂಟು. ಮೋಸ ಅನ್ನಿಸುತ್ತದೆ, ಯೋಜನೆ ಇರುವುದೇ ಹಾಗೆ. ಸೊಸೈಟಿಯಲ್ಲಾದರೆ ಪಾಸ್‌ಬುಕ್ ಕೈಯಲ್ಲಿರುತ್ತದೆ, ಕೇಳಿದಾಗ ದುಡ್ಡು.

ಸಾಲ ಇದ್ದು ತೋಟವೊಂದೇ ಆಧಾರವಾದರೆ, ಮಾಪಕವೂ ಹತ್ತಿರವಿದ್ದರೆ, ನಾನು ವಿಮೆ ಅನ್ನುತ್ತೇನೆ. ಸಾಲವಿಲ್ಲ, ಮಗ ಬೆಂಗಳೂರಿನಿಂದ ಕಳಿಸುತ್ತಾನೆ ಅಂದರೆ ಠೇವಣಿ ಸಾಕು. ಬೆಳೆಸಾಲದವರಿಗೆ 2020ರಿಂದ ವಿಮೆ ಕಡ್ಡಾಯವಲ್ಲ. ಆದರೆ ಬೇಡ ಅಂತ ವಿಮೆ ನೋಂದಣಿಯ ಕೊನೆ ದಿನಕ್ಕೆ 7 ದಿನ ಮುಂಚೆ ಸಾಲ ಕೊಟ್ಟವರಿಗೆ ಬರೆದುಕೊಡಬೇಕು. ಸುಮ್ನೆ ಕೂತರೆ ಕಂತು ಕಡಿತವಾಗುತ್ತದೆ.